ಏಳು ವಿಭಕ್ತಿಯ ಭಾಷೆ, ನೂರಿಪ್ಪತ್ಮೂರು ವರ್ಷ ಇಲ್ಲದ ದೇಶ

ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಾ ಇದ್ದೆ. ಆಫೀಸು, ಮಗಳ ಸ್ಕೂಲು, ಇಲ್ಲಿಯ ಚಳಿ ಅಂತ ಏನೋ ಒಂದು ನೆಪ ಹೇಳಿ ಮುಂದೆ ಹಾಕ್ತಾನೇ ಬಂದೆ. ಮೊನ್ನೆ ಭಾನುವಾರ ಅಮ್ಮನ ಜೊತೆ ಫೋನಲ್ಲಿ ಮಾತಾಡಿದ ಮೇಲೆ ಇನ್ನು ಬರೀದೇ ಇದ್ರೆ ಆಗಲ್ಲ ಅನ್ನಿಸ್ತು.

ನಾನಿರೋದು ಪೋಲೆಂಡಿನ ವ್ರೊತ್ಸ್ವಾಫ್ ಅನ್ನೋ ಊರಲ್ಲಿ. ಸಾಫ್ಟ್‌ವೇರ್ ಕೆಲಸದ ಮೇಲೆ ಬಂದು ಮೂರು ವರ್ಷ ಆಯ್ತು. ಆಫೀಸಲ್ಲಿ ಇಂಗ್ಲಿಷ್ ನಡೆಯುತ್ತೆ. ಆದ್ರೆ ಪೋಸ್ಟಾಫೀಸು, ತರಕಾರಿ ಅಂಗಡಿ, ಡಾಕ್ಟರ ಹತ್ರ ಹೋದಾಗ ಕೈಸನ್ನೆ ಬಾಯಿಸನ್ನೆಯೇ ಗತಿ. ಹಾಗಾಗಿ ನಮ್ಮ ಕೆಳಗಿನ ಮನೆಯ ಅಜ್ಜಿಯ ಹತ್ರ ಪೋಲಿಷ್ ಪಾಠಕ್ಕೆ ಸೇರಿಕೊಂಡೆ. ರಿಟೈರ್ಡ್ ಮೇಡಂ, ಎಪ್ಪತ್ತೆಂಟು ವರ್ಷ. ವಾರಕ್ಕೆರಡು ಸಲ ಅವರ ಅಡುಗೆಮನೆಯ ಟೇಬಲ್ಲಿನ ಮೇಲೆ ಪಾಠ, ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಜೊತೆಗೆ ಸೇಬಿನ ಕೇಕು. ನಾನು ಅವರನ್ನ 'ಪಾನಿ' ಅಂತ ಕರೀತೀನಿ. ನೀರಲ್ಲ ಮಾರಾಯ್ರೆ, 'ಅಮ್ಮಾವ್ರೇ' ಅಂತ ಅರ್ಥ :)

ಮೊದಲ ಪಾಠ ಎಲ್ಲರಿಗೂ ಇರೋದೇ. ಜೆನ್ ದೋಬ್ರಿ ಅಂದ್ರೆ ನಮಸ್ಕಾರ, ಅಕ್ಷರಶಃ ಒಳ್ಳೇ ದಿನ. ಜೆಂಕೂಯೆ ಅಂದ್ರೆ ಧನ್ಯವಾದ. ಪ್ರೋಶೆ ಅಂದ್ರೆ ದಯವಿಟ್ಟು. 'ತಗೊಳ್ಳಿ' ಅನ್ನೋಕೂ ಅದೇ, 'ಬನ್ನಿ ಒಳಗೆ' ಅನ್ನೋಕೂ ಅದೇ. ಪ್ಶೆಪ್ರಾಶಾಮ್ ಅಂದ್ರೆ ಕ್ಷಮಿಸಿ. ಇದನ್ನ ಸರಿಯಾಗಿ ಹೇಳೋಕೆ ಒಂದು ವಾರ ಹಿಡೀತು. ಆ ವಾರ ಬಸ್ಸಲ್ಲಿ ಯಾರ ಕಾಲೂ ತುಳೀದೇ ಓಡಾಡಿದೆ. ತಾಕ್ ಅಂದ್ರೆ ಹೌದು, ನ್ಯೆ ಅಂದ್ರೆ ಇಲ್ಲ.

ಎರಡನೇ ವಾರ ಅಂಗಡಿಗೆ ಹೋಗಿ ಧೈರ್ಯವಾಗಿ "ಪೊಪ್ರೋಶೆ ಕಾವಾ" ಅಂದೆ. ಕಾವಾ ಅಂದ್ರೆ ಕಾಫಿ. ಹುಡುಗಿ ಕಾಫಿ ಕೊಟ್ಟಳು, ನಕ್ಕಳು ಕೂಡ. ಪಾನಿಗೆ ಹೇಳಿದ್ರೆ, "ಕಾವಾ ಅಲ್ಲ, ಕಾವೆ! ಬೀಯೆರ್ನಿಕ್!" ಅಂತ ಟೇಬಲ್ ಕುಟ್ಟಿದರು. ಬೀಯೆರ್ನಿಕ್ ಅಂದ್ರೆ ಏನು ಅಂತ ನೋಡಿದ್ರೆ... ದ್ವಿತೀಯಾ ವಿಭಕ್ತಿ! 'ಕಾಫಿಯನ್ನು ಕೊಡಿ' ಅನ್ನಬೇಕಿತ್ತು ನಾನು. ನಾವಾದ್ರೆ 'ಕಾಫಿ ಕೊಡಿ' ಅಂತ 'ಅನ್ನು'ವನ್ನ ನುಂಗಿಬಿಡ್ತೀವಿ. ಇವರಲ್ಲಿ ಹಾಗೆ ಬಿಡೋ ಹಾಗಿಲ್ಲ.

ಆಮೇಲೆ ಪಾನಿ ಒಂದು ಹಾಳೆಯಲ್ಲಿ ಪೂರ್ತಿ ಬರೆದುಕೊಟ್ಟರು. ನಾನು ಪಕ್ಕದಲ್ಲಿ ನಮ್ಮ ಹೆಸರು ಸೇರಿಸ್ಕೊಂಡೆ.

ಮ್ಯಾನೋವ್ನಿಕ್ (ಪ್ರಥಮಾ) – ಕಾವಾ
ದೊಪೆವ್ನ್ಯಾಚ್ (ಷಷ್ಠೀ) – ಕಾವಿ
ತ್ಸೆಲೋವ್ನಿಕ್ (ಚತುರ್ಥೀ) – ಕಾವ್ಯೆ
ಬೀಯೆರ್ನಿಕ್ (ದ್ವಿತೀಯಾ) – ಕಾವೆ
ನಝೆಂಜ್ನಿಕ್ (ತೃತೀಯಾ) – ಕಾವೊಂ
ಮ್ಯೆಯ್ಸ್ತ್ಸೋವ್ನಿಕ್ (ಸಪ್ತಮೀ) – ಕಾವ್ಯೆ
ವೋವಾಚ್ (ಸಂಬೋಧನೆ) – ಕಾವೋ

ಕಾಫಿಗೆ ಚತುರ್ಥಿ ಹಾಕಿದ್ರೆ ಕಾವ್ಯ ಆಗುತ್ತೆ ನೋಡಿ, ಇದು ಕಾಫಿ ಕುಡಿದು ಕವನ ಬರೆಯೋ ಗೆಳೆಯರಿಗೆ ಅರ್ಪಣೆ :)

ಪಟ್ಟಿಯಲ್ಲಿ ನಮ್ಮ ಪಂಚಮಿ ಇಲ್ಲ, ಗಮನಿಸಿದ್ರಾ? ಎಷ್ಟೋ ಸಾವಿರ ವರ್ಷದ ಹಿಂದೆ ಸ್ಲಾವ್ ಭಾಷೆಗಳ ಮೂಲದಲ್ಲಿ ಪಂಚಮಿ ಹೋಗಿ ಷಷ್ಠಿಯೊಳಗೆ ಸೇರಿಹೋಯಿತು. ನಮ್ಮಲ್ಲೂ 'ದೆಸೆಯಿಂದ' ಅನ್ನೋದು ಪುಸ್ತಕದಲ್ಲಿ ಮಾತ್ರ, ಬಾಯಲ್ಲಿ ಬರೋದು 'ಇಂದ'ವೇ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕನ್ನಡದಲ್ಲಿ 'ಅನ್ನು', 'ಇಂದ', 'ಗೆ' ಅನ್ನೋ ಪ್ರತ್ಯಯಗಳು ಮನೆಗೂ ಅದೇ, ಮರಕ್ಕೂ ಅದೇ, ಮಗುವಿಗೂ ಹೆಚ್ಚುಕಮ್ಮಿ ಅದೇ. ಪೋಲಿಷಲ್ಲಿ ಪದದ ಲಿಂಗ ಯಾವುದು, ಏಕವಚನವೋ ಬಹುವಚನವೋ, ಪುಲ್ಲಿಂಗವಾದ್ರೆ ಜೀವ ಇರೋದಾ ಇಲ್ಲದ್ದಾ ಅಂತೆಲ್ಲಾ ನೋಡಿ ಪ್ರತ್ಯಯ ಬದಲಾಗುತ್ತೆ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಸಂಸ್ಕೃತದ ಶಬ್ದಮಂಜರಿ ಉರು ಹೊಡೆದವರಿಗೆ ಇದು ಹೊಸದೇನಲ್ಲ.

'ಇಲ್ಲ' ಅಂದ ತಕ್ಷಣ ಇನ್ನೊಂದು ತಮಾಷೆ. ಕಾಫಿ ಇದ್ರೆ ಕಾವಾ. ಇಲ್ಲದಿದ್ರೆ 'ನ್ಯೆ ಮಾ ಕಾವಿ', ಅಂದ್ರೆ 'ಕಾಫಿಯ ಇಲ್ಲ'. ಇಲ್ಲದ ವಸ್ತು ಷಷ್ಠಿಗೆ ಹೋಗುತ್ತೆ. ಈ ನಿಯಮ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

*

ಎಣಿಕೆಗೆ ಬಂದಾಗ ಖುಷಿಯಾಯ್ತು. ದ್ವಾ, ತ್ಶಿ, ಚ್ತೆರಿ, ಪ್ಯೆಂಚ್... ದ್ವಿ, ತ್ರಿ, ಚತುರ್, ಪಂಚ. ಹತ್ತಕ್ಕೆ ಜೆಶೆಂಚ್, ನಮ್ಮ ದಶ. ಹೊಗೆಗೆ ದಿಮ್ (ಧೂಮ), ಬೆಂಕಿಗೆ ಓಗ್ಯೆನ್ (ಅಗ್ನಿ), ಮಾಂಸಕ್ಕೆ ಮ್ಯೆಂಸೋ, ಆಕಾಶಕ್ಕೆ ನ್ಯೆಬೋ (ನಭ), ವಿಧವೆಗೆ ವ್ದೋವಾ, ಹೊಸತಕ್ಕೆ ನೋವಿ, ಜ್ಞಾನಕ್ಕೆ ವ್ಯೆಜಾ (ವೇದ, ವಿದ್ಯೆ ಅನ್ನೋ ಧಾತುವೇ). ಇದನ್ನ ಓದಿ 'ನೋಡಿ, ಪೋಲಿಷ್ ಸಂಸ್ಕೃತದಿಂದ ಹುಟ್ಟಿತು' ಅಂತ ಯಾರೂ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಅದು ಮಗಳಲ್ಲ, ದೂರದ ದಾಯಾದಿ. ಎರಡಕ್ಕೂ ಮೇಲೊಂದು ಹಳೇ ಮೂಲ ಭಾಷೆ ಇತ್ತು. ನಮ್ಮ ಕನ್ನಡದ ವಂಶವಂತೂ ಬೇರೆಯೇ, ಈ ಪದಗಳು ನಮಗೆ ಪರಿಚಯ ಆಗಿದ್ದು ಸಂಸ್ಕೃತದಿಂದ ತಂದುಕೊಂಡಿದ್ದಕ್ಕೆ.

ಹಳೇ ಪೋಲಿಷಲ್ಲಿ ದ್ವಿವಚನವೂ ಇತ್ತು. ಈಗ ಹೋಗಿದೆ, ಗುರುತು ಉಳಿದಿದೆ. ಇನ್ನೂರಕ್ಕೆ 'ದ್ವ್ಯೆಶ್ಚ್ಯೆ' ಅಂತಾರೆ, ಸಂಸ್ಕೃತದ 'ದ್ವೇ ಶತೇ' ನೆನಪಿಸಿಕೊಳ್ಳಿ. ಕೈಗಳು, ಕಣ್ಣುಗಳು, ಕಿವಿಗಳು ಅನ್ನೋ ಪದಗಳಲ್ಲೂ ಹಳೇ ದ್ವಿವಚನವೇ ಈಗ ಬಹುವಚನವಾಗಿ ನಿಂತಿದೆ. ಇನ್ನು ಎರಡು, ಮೂರು, ನಾಲ್ಕು ಮನೆ ಅಂದ್ರೆ ಒಂದು ರೂಪ, ಐದರಿಂದ ಮೇಲೆ 'ಮನೆಗಳ' ಅಂತ ಷಷ್ಠಿ. ಯಾಕಂದ್ರೆ ಐದರಿಂದ ಮುಂದಿನ ಸಂಖ್ಯೆಗಳು ಮೊದಲು ನಾಮಪದಗಳಾಗಿದ್ದವು, 'ಮನೆಗಳ ಒಂದು ಪಂಚಕ' ಅನ್ನೋ ಹಾಗೆ. ಕಲಿಯೋನಿಗೆ ತಲೆನೋವು, ಆದ್ರೆ ಕಾರಣ ತಿಳಿದ ಮೇಲೆ ಅಷ್ಟು ಸಿಟ್ಟು ಬರಲ್ಲ.

ತಿಂಗಳ ಹೆಸರು ನನಗೆ ಇನ್ನೂ ಇಷ್ಟ. ಮಾರ್ಚ್, ಮೇ ಬಿಟ್ರೆ ಉಳಿದ ಹತ್ತೂ ಸ್ವಂತದ್ದು. ಏಪ್ರಿಲ್ ಹೂವಿನ ತಿಂಗಳು, ಜುಲೈ ಲಿಂಡನ್ ಮರದ್ದು, ಆಗಸ್ಟ್ ಕುಡುಗೋಲಿನದು, ನವೆಂಬರ್ 'ಲಿಸ್ತೋಪಾದ್', ಎಲೆ ಉದುರೋದು. ಡಿಸೆಂಬರ್ ಹೆಪ್ಪುಗಟ್ಟಿದ ಮಣ್ಣಹೆಂಟೆಯದ್ದು. ಜೂನ್ 'ಚೆರ್ವ್ಯೆತ್ಸ್', ಅದೊಂದು ಹುಳುವಿನ ಹೆಸರು. ಗಿಡದ ಬೇರಿಗೆ ಅಂಟಿಕೊಂಡಿರೋ ಆ ಹುಳುವನ್ನ ಜೂನಿನಲ್ಲಿ ಆರಿಸಿ, ಒಣಗಿಸಿ ಕೆಂಪು ಬಣ್ಣ ಮಾಡ್ತಿದ್ರು. ಯೂರೋಪಿಗೆಲ್ಲ ರಫ್ತಾಗ್ತಿತ್ತು. 16ನೇ ಶತಮಾನದಲ್ಲಿ ಅಮೆರಿಕದಿಂದ ಇನ್ನೊಂದು ಬಗೆಯ ಕೆಂಪು ಹುಳು ಬಂದ ಮೇಲೆ ಆ ವ್ಯಾಪಾರ ಬಿತ್ತು. ವ್ಯಾಪಾರ ಹೋಯ್ತು, ತಿಂಗಳ ಹೆಸರು ಉಳೀತು.

*

ಒಂದು ದಿನ ಪಾನಿ ಕೇಳಿದರು, "ನಿಮ್ಮ ಭಾಷೆಯಲ್ಲಿ ವಿಭಕ್ತಿ ಎಷ್ಟು?"

ಏಳು ಅಂತ ಗೊತ್ತಿತ್ತು. "ಹೇಳಿ ನೋಡೋಣ" ಅಂದರು. ಪ್ರಥಮಾ, ದ್ವಿತೀಯಾ ಅಂತ ಶುರು ಮಾಡಿದವನು ಪಂಚಮಿಯಲ್ಲಿ ತಡವರಿಸಿದೆ. ತಿಪಟೂರಿನ ಸರ್ಕಾರಿ ಶಾಲೆಯಲ್ಲಿ ಕೈ ಕಟ್ಟಿ ನಿಂತು ಒಪ್ಪಿಸಿದ್ದು ಅದೆಲ್ಲಿ ಹೋಯ್ತೋ. "ಮಗಳಿಗೆ ಬರುತ್ತಾ?" ಅಂತ ಮುಂದಿನ ಪ್ರಶ್ನೆ. ನಾನು ಕಪ್ಪು ಚಹಾದ ಲೋಟ ನೋಡ್ತಾ ಕೂತೆ.

ಪಾನಿ ಬೈಯಲಿಲ್ಲ. ಎದ್ದು ಹೋಗಿ ಅವರಮ್ಮನ ಫೋಟೋ ತಂದು ಟೇಬಲ್ ಮೇಲಿಟ್ಟು ಕಥೆ ಹೇಳಿದರು. ಆ ಕಥೆ ಪೂರ್ತಿ ಅರ್ಥ ಆಗಬೇಕಾದ್ರೆ ಸ್ವಲ್ಪ ಹಿಂದೆ ಹೋಗಬೇಕು. ನಾನೂ ಆಮೇಲೆ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ.

ಪೋಲಿಷ್ ಭಾಷೆಯ ಮೊದಲ ಬರಹದ ವಾಕ್ಯ ಅಂತ ಇವರು ತೋರಿಸೋದು ಇದೇ ವ್ರೊತ್ಸ್ವಾಫಿನ ದಕ್ಷಿಣಕ್ಕಿರೋ ಹೆನ್ರಿಕೂಫ್ ಅನ್ನೋ ಮಠದ ಪುಸ್ತಕದಲ್ಲಿದೆ. ಕಾಲ ಸುಮಾರು 1270. ಪುಸ್ತಕ ಲ್ಯಾಟಿನ್, ಬರೆದ ಮಠಾಧಿಪತಿ ಜರ್ಮನ್, ಮಾತಾಡಿದವನು ಚೆಕ್ ಮೂಲದ ಒಬ್ಬ ರೈತ. ಅವನು ಹೆಂಡತಿಗೆ, ನಾನು ಬೀಸ್ತೀನಿ ನೀನು ಸುಧಾರಿಸ್ಕೋ, ಅಂತ ಹೇಳಿದ್ದಷ್ಟೇ ಆ ವಾಕ್ಯ. ಬೀಸೋಕಲ್ಲಿನ ಮುಂದೆ ಗಂಡಸು ಕೂತಿದ್ದು ಆ ಕಾಲಕ್ಕೆ ಎಷ್ಟು ವಿಚಿತ್ರ ಅನ್ನಿಸಿತೋ, ಆ ಊರಿಗೇ ಅವನ ಅಡ್ಡಹೆಸರು ಬಿತ್ತು. ಅದೇ ಹೊತ್ತಿಗೆ, ಸುಮಾರು 1260ರಲ್ಲಿ, ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ' ಬರೆದು ಕನ್ನಡದ ವಿಭಕ್ತಿಗಳಿಗೆಲ್ಲ ಸೂತ್ರ ಕಟ್ಟಿದ್ದ! ಪಾನಿಗೆ ಇದನ್ನ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅಷ್ಟು ಹಳೇ ವ್ಯಾಕರಣ ಇಟ್ಕೊಂಡು ಪಂಚಮಿಯಲ್ಲಿ ತಡವರಿಸಿದ್ಯಾ ಅನ್ನೋ ಹಾಗೆ.

ಪೋಲಿಷ್ ವ್ಯಾಕರಣ ಬಂದಿದ್ದು ಅದಾಗಿ ಮುನ್ನೂರು ವರ್ಷದ ಮೇಲೆ, 1568ರಲ್ಲಿ. ಬರೆದವನು ಸ್ಟಾಟೋರಿಯಸ್ ಅನ್ನೋ ಫ್ರೆಂಚ್ ಮೇಷ್ಟ್ರು, ಭಾಷೆ ಲ್ಯಾಟಿನ್. ಶಾಲೆಯ ಮಕ್ಕಳಿಗಾಗಿ ಪೋಲಿಷಲ್ಲೇ ವ್ಯಾಕರಣ ಬೇಕು ಅನ್ನಿಸಿದ್ದು 1773ರಲ್ಲಿ ರಾಷ್ಟ್ರೀಯ ಶಿಕ್ಷಣ ಆಯೋಗ ಶುರುವಾದ ಮೇಲೆ. ಆ ಕೆಲಸ ಒನುಫ್ರಿ ಕೊಪ್ಚಿನ್ಸ್ಕಿ ಅನ್ನೋ ಪಾದ್ರಿಯ ಪಾಲಿಗೆ ಬಂತು. 1778ರಿಂದ ಅವನ ಪಾಠಪುಸ್ತಕಗಳು ಅಚ್ಚಾದವು. ಪೋಲಿಷ್ ಮಕ್ಕಳು ಈಗಲೂ ಬಳಸೋ ಎಷ್ಟೋ ವ್ಯಾಕರಣದ ಪಾರಿಭಾಷಿಕ ಪದಗಳು ಅವನು ನೆಲೆಗೊಳಿಸಿದ್ದು.

ವ್ಯಾಕರಣ ಸಿದ್ಧವಾಗ್ತಿದ್ದ ಹಾಗೇ ದೇಶ ಮುಳುಗ್ತಾ ಇತ್ತು. 1772, 1793, 1795, ಮೂರು ಸಲ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನ ಹಂಚಿಕೊಂಡವು (1793ರಲ್ಲಿ ಆಸ್ಟ್ರಿಯಾ ಇರಲಿಲ್ಲ). ಮೂರನೇ ಸಲಕ್ಕೆ ದೇಶವೇ ಖಾಲಿ. ಮತ್ತೆ ಬಂದಿದ್ದು 1918ರಲ್ಲಿ. ನೂರಿಪ್ಪತ್ಮೂರು ವರ್ಷ ನಕಾಶೆಯಲ್ಲಿ ಪೋಲೆಂಡ್ ಅನ್ನೋ ಸ್ವತಂತ್ರ ದೇಶ ಇರಲಿಲ್ಲ. 'ನ್ಯೆ ಮಾ ಪೋಲ್ಸ್ಕಿ', ಇಲ್ಲದ್ದು ಷಷ್ಠಿಗೆ ಹೋಗುತ್ತೆ ಅಂದೆನಲ್ಲ, ಹಾಗೆ.

ದೇಶ ಇಲ್ಲದಾಗ ಜನ ಏನು ಮಾಡಿದ್ರು? ಒಬ್ಬ ನಿಘಂಟು ಬರೆದ. ಸಾಮುಯೆಲ್ ಲಿಂದೆ, ತೋರುನ್ ಊರಿನವನು, ತಂದೆ ಸ್ವೀಡನ್ ಮೂಲದವರು, ಮನೆಮಾತು ಜರ್ಮನ್. 1807ರಿಂದ 1814ರವರೆಗೆ ವಾರ್ಸಾದಲ್ಲಿ ಆರು ಸಂಪುಟ, ಸುಮಾರು 60,000 ಪದ. ಹೊರಗಿಂದ ಬಂದು ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ಲರನ್ನ ನೆನೆಸಿಕೊಂಡೆ. ಲಿಂದೆಗೆ ಆಶ್ರಯ ಕೊಟ್ಟ ಒಸ್ಸೊಲಿನ್ಸ್ಕಿ ಅನ್ನೋ ಶ್ರೀಮಂತ 1817ರಲ್ಲಿ ಒಂದು ಗ್ರಂಥಭಂಡಾರ ಸ್ಥಾಪಿಸಿದ. ಅದು ಲ್ವೂಫ್ ಊರಲ್ಲಿತ್ತು. 1945ರ ನಂತರ ಗಡಿ ಸರಿದು ಲ್ವೂಫ್ ಸೋವಿಯತ್ ಪಾಲಾದಾಗ, ಜರ್ಮನ್ ಊರಾಗಿದ್ದ ವ್ರೊತ್ಸ್ವಾಫ್ ಪೋಲೆಂಡಿಗೆ ಬಂತು. ಲ್ವೂಫಿನ ಜನ, ಅವರ ಜೊತೆ ಆ ಪುಸ್ತಕಗಳ ಒಂದು ಭಾಗ, ಇಲ್ಲಿಗೆ ಬಂದವು. ಪಾನಿಯ ಮನೆಯವರೂ ಹಾಗೆ ಬಂದವರೇ.

ರಷ್ಯಾದ ಭಾಗದಲ್ಲಿ 1863ರ ದಂಗೆ ಸೋತ ಮೇಲೆ ಶಾಲೆಗಳಲ್ಲಿ ರಷ್ಯನ್ ಹೇರಿದರು. 1869ರಲ್ಲಿ ವಾರ್ಸಾದ ವಿಶ್ವವಿದ್ಯಾಲಯವೂ ರಷ್ಯನ್ ಆಯ್ತು. 1860ರ ದಶಕದಲ್ಲಿ ಪೋಲಿಷ್ ಪಾಠಪುಸ್ತಕಗಳನ್ನ ರಷ್ಯನ್ ಲಿಪಿಯಲ್ಲಿ ಅಚ್ಚು ಹಾಕಿಸೋ ಪ್ರಯತ್ನವೂ ನಡೀತು. ಲಿಪಿ ತೆಗೆದ್ರೆ ಏನಾಗುತ್ತೆ ಅಂತ ನಮಗೆ ಬೇರೆ ಹೇಳಬೇಕಾ! 1880ರ ದಶಕದಲ್ಲಿ ವಾರ್ಸಾದಲ್ಲಿ 'ಹಾರುವ ವಿಶ್ವವಿದ್ಯಾಲಯ' ಶುರುವಾಯ್ತು. ಪೊಲೀಸರ ಕಣ್ಣು ತಪ್ಪಿಸಿ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಅಲ್ಲಿ ಕಲಿತ ಒಬ್ಬ ಹುಡುಗಿ ಮರಿಯಾ ಸ್ಕ್ಲೊದೋವ್ಸ್ಕಾ, ನಮಗೆಲ್ಲ ಗೊತ್ತಿರೋ ಮೇರಿ ಕ್ಯೂರಿ. 1898ರಲ್ಲಿ ತಾನೂ ಗಂಡನೂ ಕಂಡುಹಿಡಿದ ಧಾತುವಿಗೆ ಪೊಲೋನಿಯಂ ಅಂತ ಹೆಸರಿಟ್ಟಳು. ಆಗ ಆ ಹೆಸರಿನ ದೇಶ ಇರಲಿಲ್ಲ ಅನ್ನೋದನ್ನ ನಮಗೆ ಕೆಮಿಸ್ಟ್ರಿ ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ.

ಪ್ರಷ್ಯಾದ ಭಾಗದಲ್ಲಿ 1901ರಲ್ಲಿ ವ್ಝೆಶ್ನ್ಯಾ ಅನ್ನೋ ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳು ಧರ್ಮಪಾಠಕ್ಕೆ ಜರ್ಮನಲ್ಲಿ ಉತ್ತರ ಕೊಡಲ್ಲ ಅಂತ ಬಾಯಿ ಮುಚ್ಚಿ ಕೂತರು. ಏಟು ಬಿತ್ತು. ಏಟು ಕೊಟ್ಟಿದ್ದನ್ನ ಪ್ರತಿಭಟಿಸಿದ ತಂದೆತಾಯಂದಿರು ಜೈಲಿಗೆ ಹೋದರು. 1906-07ರ ಹೊತ್ತಿಗೆ ಹತ್ತಾರು ಸಾವಿರ ಮಕ್ಕಳು ಇದೇ ಮುಷ್ಕರ ಮಾಡಿದ್ರು. ಪ್ರಾರ್ಥನೆ ಅಮ್ಮನ ಭಾಷೆಯಲ್ಲಿ ಮಾಡ್ತೀವಿ ಅನ್ನೋದಷ್ಟೇ ಅವರ ಬೇಡಿಕೆ.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ. 1939ರ ನವೆಂಬರ್ 6ರಂದು ಕ್ರಾಕೂಫಿನಲ್ಲಿ ಸಭೆಗೆ ಅಂತ ಕರೆಸಿ ಪ್ರೊಫೆಸರುಗಳೂ ಸೇರಿದಂತೆ 183 ಜನರನ್ನ ನಾಜಿಗಳು ಬಂಧಿಸಿದರು. ಅವರಲ್ಲಿ ಪೋಲಿಷ್ ಉಪಭಾಷೆಗಳ ದೊಡ್ಡ ವಿದ್ವಾಂಸ ಕಾಜಿಮೆಜ್ ನಿಚ್ ಕೂಡ ಇದ್ದರು. ವಿಶ್ವವಿದ್ಯಾಲಯ, ಹೈಸ್ಕೂಲು ಬಂದ್. ಆಗ ಶುರುವಾಗಿದ್ದು ಗುಟ್ಟಿನ ಶಾಲೆಗಳು. ಸಿಕ್ಕಿಬಿದ್ದರೆ ಕ್ಯಾಂಪು, ಇಲ್ಲಾ ಸಾವು.

ಪಾನಿಯ ಅಮ್ಮ ಆಗ ಹದಿನಾಲ್ಕು ವರ್ಷದ ಹುಡುಗಿ. ಲ್ವೂಫಿನ ಯಾರದೋ ಮನೆಯ ಅಡುಗೆಮನೆಯಲ್ಲಿ ಐದು ಜನ ಹುಡುಗಿಯರು, ಒಬ್ಬ ಮೇಡಂ. ಆಲೂಗಡ್ಡೆ ಬುಟ್ಟಿ ಮುಂದಿಟ್ಟುಕೊಂಡು ಸಿಪ್ಪೆ ತೆಗೀತಾ ವಿಭಕ್ತಿ ಒಪ್ಪಿಸ್ತಿದ್ದರಂತೆ. ಬಾಗಿಲು ತಟ್ಟಿದ್ರೆ ಬರೀ ಆಲೂಗಡ್ಡೆ. ಒಂದೇ ಒಂದು ವ್ಯಾಕರಣ ಪುಸ್ತಕ, ಸರದಿ ಮೇಲೆ ಕೈಯಲ್ಲಿ ನಕಲು ಮಾಡ್ಕೊಂಡಿದ್ದು. "ಅಮ್ಮ ಸಾಯೋವರೆಗೂ ಆಲೂಗಡ್ಡೆ ಸಿಪ್ಪೆ ತೆಗೆಯುವಾಗ ಬಾಯಲ್ಲಿ ಅದೇ ಬರ್ತಿತ್ತು" ಅಂದರು ಪಾನಿ. ಮ್ಯಾನೋವ್ನಿಕ್, ದೊಪೆವ್ನ್ಯಾಚ್, ತ್ಸೆಲೋವ್ನಿಕ್...

*

ಇದಕ್ಕೆ ನಮ್ಮ ಕಡೆಯ ಒಂದು ಕೊಂಡಿಯೂ ಇದೆ, ಹೇಳಲೇಬೇಕು. 1940-41ರಲ್ಲಿ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನಿಂದ ಸೈಬೀರಿಯಾ, ಕಝಾಕಿಸ್ತಾನದ ಕಡೆಗೆ ಸಾಗಿಸಿದ ಜನರಲ್ಲಿ ಬದುಕುಳಿದ ಕೆಲವರು ಇರಾನ್ ಮೇಲೆ ಭಾರತಕ್ಕೆ ಬಂದರು. ನವಾನಗರದ ಜಾಮ್ ಸಾಹೇಬರು ಅನಾಥ ಮಕ್ಕಳಿಗೆ ಬಾಲಾಚಡಿಯಲ್ಲಿ ಜಾಗ ಕೊಟ್ಟರು. ನಮ್ಮ ನಿಪ್ಪಾಣಿ ದಾಟಿದ್ರೆ ಸಿಗೋ ಕೊಲ್ಹಾಪುರದ ಪಕ್ಕ, ಪಂಚಗಂಗಾ ನದಿಯ ಹತ್ತಿರ ವಳಿವಡೆ ಅನ್ನೋ ಊರಲ್ಲಿ 1943ರಿಂದ 48ರವರೆಗೆ ಸುಮಾರು 5000 ಪೋಲಿಷ್ ಜನ ಇದ್ದರು. ಅಲ್ಲೂ ಮೊದಲು ಮಾಡಿದ ಕೆಲಸಗಳಲ್ಲೊಂದು ಪೋಲಿಷ್ ಶಾಲೆ. ಗೀತೆಯನ್ನ ಪೋಲಿಷಿಗೆ ಅನುವಾದಿಸಿದ ವಾಂದಾ ದಿನೋವ್ಸ್ಕಾ, ಇಲ್ಲಿ 'ಉಮಾದೇವಿ' ಆಗಿದ್ದವರು, 1971ರಲ್ಲಿ ತೀರಿಕೊಂಡಿದ್ದು ನಮ್ಮ ಮೈಸೂರಿನಲ್ಲೇ.

ಇನ್ನೊಂದು ಸಣ್ಣ ವಿಷಯ. ಪೋಲಿಷಲ್ಲಿ ಹೊಸಬರನ್ನ, ಹಿರಿಯರನ್ನ 'ನೀವು' ಅನ್ನಲ್ಲ. ಪ್ರಥಮ ಪುರುಷದಲ್ಲಿ ಮಾತಾಡಿಸ್ತಾರೆ. 'ಪಾನಿಗೆ ಸಮಯ ಇದೆಯಾ?' ಅಂತ ಪಾನಿಯನ್ನೇ ಕೇಳಬೇಕು. ಹಳ್ಳಿ ಕಡೆ 'ಯಜಮಾನರು ಎಲ್ಲಿಗೋ ಹೊರಟ ಹಾಗಿದೆ?' ಅಂತೀವಲ್ಲ, ಆ ಧಾಟಿ. 'ಪಾನ್' ಅಂದ್ರೆ ಹಿಂದೆ ಜಮೀನ್ದಾರ, ಧಣಿ. ಕಮ್ಯುನಿಸ್ಟರ ಕಾಲದಲ್ಲಿ ಇದು ಬೇಡ, ರಷ್ಯನ್ನರ ಹಾಗೆ 'ನೀವು' ಅನ್ನಿ ಅಂತ ಪಕ್ಷದವರು ಬಳಕೆಗೆ ತಂದರು. ಜನ ಕೇಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಏನೇ ಇರಲಿ, ಬ್ರೆಡ್ಡಿನ ಕ್ಯೂನಲ್ಲಿ ನಿಂತವರು ಪಾನ್, ಪಾನಿಯೇ. 1989ರಲ್ಲಿ ಆ ಆಡಳಿತ ಹೋಯ್ತು, ಸರ್ವನಾಮ ಉಳೀತು.

*

ಪಾನಿಯ ಅಡುಗೆಮನೆಯಿಂದ ಮೇಲೆ ಬರುವಾಗ ಒಂದೇ ಯೋಚನೆ. ಇವರಿಂದ ಭಾಷೆಯನ್ನ ಕಿತ್ತುಕೊಳ್ಳೋಕೆ ಮೂರು ಸಾಮ್ರಾಜ್ಯ ಬೇಕಾಯ್ತು, ಆದ್ರೂ ಆಗಲಿಲ್ಲ. ನನ್ನ ಮನೆಯಲ್ಲಿ ಯಾರೂ ಕಿತ್ತುಕೊಂಡಿಲ್ಲ. ಸುಸ್ತಾಗಿ ಬಂದವನು ಮಗಳ ಜೊತೆ ಸುಲಭ ಅಂತ ಇಂಗ್ಲಿಷಲ್ಲಿ ಮಾತಾಡಿದೆ, ಅಷ್ಟೇ. ಅವಳಿಗೆ ಈಗ ಎಂಟು ವರ್ಷ. ಪೋಲಿಷ್ ನನಗಿಂತ ಹತ್ತು ಪಾಲು ಚೆನ್ನಾಗಿ ಬರುತ್ತೆ, ನನ್ನ ವಿಭಕ್ತಿ ತಿದ್ದುತ್ತಾಳೆ. ಕನ್ನಡ ಕೇಳಿದ್ರೆ ಅರ್ಥ ಆಗುತ್ತೆ, ಬಾಯಿಗೆ ಬರಲ್ಲ. ತಿಪಟೂರಿಗೆ ಫೋನ್ ಮಾಡಿದಾಗೆಲ್ಲ ಅಮ್ಮ, "ಮಗು ಏನಂತೋ, ನೀನೇ ಹೇಳೋ" ಅಂತಾರೆ. ಅಜ್ಜಿ ಮೊಮ್ಮಗಳ ನಡುವೆ ನಾನು ದುಭಾಷಿ.

ಭಾನುವಾರ ಅಮ್ಮನಿಗೆ ಫೋನ್ ಮಾಡಿ, "ಪಂಚಮಿಗೆ ಏನಮ್ಮಾ ಬರೋದು?" ಅಂದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು ಅಮ್ಮ. ಒಂದು ಕ್ಷಣವೂ ಯೋಚಿಸದೆ "ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಇಗೆ ಕ್ಕೆ..." ಅಂತ ರಾಗವಾಗಿ ಸಪ್ತಮಿವರೆಗೂ ಹೇಳಿ ಮುಗಿಸಿದರು. ಮಗಳು ಓಡಿ ಬಂದು ಫೋನಿಗೆ ಕಿವಿ ಕೊಟ್ಟಳು. "ಇದು ನಮ್ಮ ಮಿಸ್ ಹೇಳೋ ಹಾಗೇ ಇದೆ!" ಅಂತ ಪೋಲಿಷಿನಲ್ಲಿ ಕೂಗಿ, ಅವಳ ಪಟ್ಟಿ ಅವಳು ಶುರು ಮಾಡಿದಳು. ಆ ಕಡೆಯಿಂದ ಅಮ್ಮ, "ಅದೇನೋ ಮಗು ಚೆನ್ನಾಗ್ ಹೇಳ್ತಿದೆ, ಇನ್ನೊಂದ್ ಸಲ ಹೇಳ್ಸೋ" ಅಂದರು. ಈ ಸಲ ದುಭಾಷಿ ಕೆಲಸ ಇರಲಿಲ್ಲ.

ಈಗ ವಾರಕ್ಕೆ ಎರಡು ಸಲ ನಾನು ಕೆಳಗಿನ ಮನೆಗೆ ಹೋಗ್ತೀನಿ, ಮಗಳು ಫೋನ್ ಹಿಡ್ಕೊಂಡು ಅಡುಗೆಮನೆಯಲ್ಲಿ ಅಜ್ಜಿಯ ಕ್ಲಾಸಿಗೆ ಕೂರ್ತಾಳೆ. 'ಮನೆ, ಮನೆಯನ್ನು, ಮನೆಯಿಂದ, ಮನೆಗೆ'ವರೆಗೂ ಬಂದಿದ್ದಾರೆ. ನಿನ್ನೆ ಅಮ್ಮ ನನ್ನ ಹತ್ರ ಕೇಳಿದರು, "ಕಾಫಿಗೆ ಅಲ್ಲಿ ಕಾವಾ ಅಂತಾರಂತೆ, ಹೌದೇನೋ?"

ಹೊರಗಿರೋ ಗೆಳೆಯರೇ, ನಿಮ್ಮ ಮಕ್ಕಳ ಕಥೆ ಹೇಗಿದೆ? ಯಾರಾದ್ರೂ ಮಕ್ಕಳಿಗೆ ಕನ್ನಡ ಹೇಳಿಕೊಡೋಕೆ ಒಳ್ಳೇ ದಾರಿ ಕಂಡುಕೊಂಡಿದ್ರೆ ದಯವಿಟ್ಟು ತಿಳಿಸಿ.